ಎಡಗಾಲಿನ ಬೂಟು

ಮಾರ್ಚ್ 3, ಸೋಮವಾರ

ಹೆದರಿಕೆಯಲ್ಲ, ಗ್ಯಾಸು. ಬೆಳಗಿನಿಂದ ಹೊಟ್ಟೆಯೊಳಗೆ ಏನೋ ಉರುಳಾಡುತ್ತಿದೆ. ಮಾತ್ರೆ ನುಂಗಿದೆ, ಬಿಸಿನೀರು ಕುಡಿದೆ, ಯಾವುದಕ್ಕೂ ಜಗ್ಗಲಿಲ್ಲ.

ಮೊಳೆ ಸೇನೆಗೆ ಆಯ್ಕೆಯಾಗಿದ್ದಾಳೆ. ಏಪ್ರಿಲ್ ಎರಡಕ್ಕೆ ಹೊರಡಬೇಕಂತೆ. ಪುಟ್ಟವಳಿದ್ದಾಗ ನಮ್ಮ ಜೋಡು ಹೊಲಿಯುವ ಅಂಗಡಿಯಲ್ಲಿ ಬೂಟಿನ ಮೊಳೆ ನುಂಗಿ ನಮ್ಮೆಲ್ಲರ ಜೀವ ತೆಗೆದ ಮಗಳಿಗೆ ಅಂದಿನಿಂದ ಅದೇ ಹೆಸರು. ನುಂಗಿದ್ದು ಮಾರನೆಯ ದಿನ ತಾನಾಗಿ ಹೊರಬಂತು, ಹೆಸರು ಮಾತ್ರ ಉಳಿಯಿತು. ಆ ಒಂದು ದಿನದ ಪಾಡೇ ನನಗೆ ಈ ಜನ್ಮಕ್ಕೆ ಸಾಕಾಗಿತ್ತು. ಈಗ ಗಡಿಯ ಕಡೆಯಿಂದ ದಿನಾ ಒಂದು ಕೆಟ್ಟ ಸುದ್ದಿ ಬರುತ್ತಿದೆ, ಇವಳು ಮನೆ ತುಂಬಾ ಕುಣಿದಾಡುತ್ತಿದ್ದಾಳೆ.

ಇವರು ಬಸ್ ಡ್ಯೂಟಿ ಮುಗಿಸಿ ಬಂದು ಅವಳ ಕೈ ಕುಲುಕಿದರು. "ಭೇಷ್ ಮಗಳೇ," ಎಂದು ಹೇಳಿ ಸ್ನಾನಕ್ಕೆ ಹೋದವರು ಎಷ್ಟೋ ಹೊತ್ತು ಹೊರಗೇ ಬರಲಿಲ್ಲ. ತೊಟ್ಟಿಯ ನೀರೆಲ್ಲ ಖಾಲಿ.

ಅಪ್ಪ ಹೋದ ಮೇಲೆ ಅವರ ಅಕ್ಕನದೇ ಈ ಮನೆಯಲ್ಲಿ ಗಟ್ಟಿ ಗಂಟಲು. ಮಂಚ ಬಿಟ್ಟು ಏಳಲಾಗದಿದ್ದರೂ ಅತ್ತೆ ಒಳಗಿನಿಂದಲೇ ಕೂಗಿದರು, "ನಮ್ಮಪ್ಪನ ರಕ್ತ ಕಣೇ ಅದು! ಈ ಮನೇಲಿ ಹೆದರಿದೋರು ಯಾರೂ ಇಲ್ಲ!"

ನಾನೂ ನಕ್ಕೆ. ಹೆದರಿಕೆ ಎಂದು ಬಾಯಿಬಿಟ್ಟರೆ ಈ ಮನೆಯಲ್ಲಿ ಮುಖ ಎಲ್ಲಿಟ್ಟುಕೊಳ್ಳಲಿ? ಅದಕ್ಕೇ ಇಲ್ಲಿ ಬರೆಯಲು ಕೂತೆ. ಇಲ್ಲಿಯೂ ಗ್ಯಾಸು ಎಂದೇ ಬರೆದಿದ್ದೇನೆ.

ಮಾರ್ಚ್ 5, ಬುಧವಾರ

ಮಧ್ಯಾಹ್ನ ಸೈರನ್ ಕೂಗಿತು. ಅಭ್ಯಾಸಕ್ಕೆ ಕೂಗಿಸುತ್ತಾರೆ ಎಂದು ನಿನ್ನೆಯೇ ಸಾರಿದ್ದರು, ನಾನೇ ಅಂಗಡಿಯ ಬಾಗಿಲಿಗೆ ಚೀಟಿ ಅಂಟಿಸಿದ್ದೆ. ಆದರೂ ಅದು ಶುರುವಾದದ್ದೇ ತಡ, ನೋಡಿದರೆ ನಾನು ಹೊಲಿಗೆ ಮೇಜಿನ ಕೆಳಗಿದ್ದೇನೆ! ಹೇಗೆ ಹೋದೆನೋ ಗೊತ್ತಿಲ್ಲ. ಅಷ್ಟರಲ್ಲಿ ಅಂಚೆಯಣ್ಣ ಒಳಗೆ ಬಂದರು. ಬೀದಿಗೆಲ್ಲ ಕಾಗದ ಹಂಚಿ ಹಂಚಿ ತಿಂಗಳಿಗೊಂದು ಜೋಡಿನ ಅಟ್ಟೆ ಸವೆಸುವ ಮನುಷ್ಯ.

"ಏನಮ್ಮಾ, ಕೆಳಗೆ?"

"ಸೂಜಿ ಬಿತ್ತು," ಎಂದೆ.

ಅವರು ಪಾಪ ತಾವೂ ಬಗ್ಗಿ ಹುಡುಕಿದರು. ಇಲ್ಲದ ಸೂಜಿ ಎಲ್ಲಿಂದ ಸಿಗಬೇಕು?

ಹೊರಡುವಾಗ ಮೂಲೆಯಲ್ಲಿದ್ದ ಕಂದು ಜೋಡನ್ನು ನೋಡಿ ಕೇಳಿದರು, "ಇದು ರಿಪೇರಿಗೆ ಬಂದು ವರ್ಷ ಆಯ್ತಲ್ಲ, ಯಾರೂ ಬರ್ಲಿಲ್ಲ. ನನಗೇ ಕೊಟ್ಟುಬಿಡಿ, ನನ್ನ ಅಳತೇನೇ ಇದೆ." ಆಗುವುದಿಲ್ಲ ಎಂದೆ. ಅಜ್ಜನ ಕಾಲದಿಂದ ನಮ್ಮ ಅಂಗಡಿಯ ನಿಯಮ ಅದು. ಒಬ್ಬರು ಮೆಟ್ಟಿದ ಜೋಡನ್ನು ಇನ್ನೊಬ್ಬರ ಕಾಲಿಗೆ ಕೊಡಕೂಡದು. ವರ್ಷವಾದರೂ ಯಾರೂ ಕೇಳಿಕೊಂಡು ಬರದಿದ್ದರೆ ಕತ್ತರಿಸಿ ಹಾಕಬೇಕು. ಯಾಕೆ ಎಂದು ಅಪ್ಪನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವರ ಕಣ್ಣೆದುರೇ ಕತ್ತರಿಸಿದೆ. "ಅಯ್ಯೋ, ಹೊಟ್ಟೆ ಉರಿಯುತ್ತಮ್ಮಾ," ಎಂದು ಗೊಣಗುತ್ತಾ ಹೋದರು.

ಮಾರ್ಚ್ 9, ಭಾನುವಾರ

ನಿವೃತ್ತ ಚರಿತ್ರೆ ಮೇಷ್ಟ್ರು ಮನೆಗೆ ಬಂದಿದ್ದರು. ಹಳೆಯ ಯುದ್ಧಕ್ಕೆ ಹೋದವರ ಮನೆಗಳನ್ನೆಲ್ಲ ಸುತ್ತಿ ಫೋಟೋ, ಟೋಪಿ, ತಟ್ಟೆ, ಏನು ಸಿಕ್ಕರೆ ಅದನ್ನು ಕೂಡಿಸುತ್ತಿದ್ದಾರೆ. ತಿಂಗಳ ಕೊನೆಯ ಭಾನುವಾರ ಗ್ರಂಥಾಲಯದಲ್ಲಿ ಎಲ್ಲವನ್ನೂ ಇಡುತ್ತಾರಂತೆ. ಮೊಳೆ ಕೇಳುವ ಮೊದಲೇ ಹೇಳಿಬಿಟ್ಟಳು, "ಮುತ್ತಜ್ಜನ ಬೂಟು ಕೊಡ್ತೀವಿ ಸರ್!"

ಅಜ್ಜನ ಎಡಗಾಲಿನ ಬೂಟು ಅಂಗಡಿಯ ಬಾಗಿಲ ಮೇಲೆ ತೂಗುತ್ತದೆ. ಬಂದವರಿಗೆಲ್ಲ ಅಟ್ಟೆಯ ತೂತು ಕಾಣುವ ಹಾಗೆ ತೂಗುಹಾಕಿದ್ದಾರೆ. ಗಾಯಗೊಂಡ ಗೆಳೆಯನನ್ನು ಹೆಗಲ ಮೇಲೆ ಹೊತ್ತು ಓಡುವಾಗ ಹಿಂದಿನಿಂದ ಬಂದ ಗುಂಡು, ಎತ್ತಿದ ಪಾದದ ಅಟ್ಟೆಯೊಳಗೆ ಹೊಕ್ಕು ಮೇಲೆ ಬಂತು. ಅಜ್ಜ ಆದರೂ ಗೆಳೆಯನನ್ನು ಕೆಳಗಿಳಿಸಲಿಲ್ಲ. ಮೇಲಿನ ತೂತಿಗೆ ಅಪ್ಪ ತೇಪೆ ಹಾಕಿದ್ದಾರೆ. ಈ ಕಥೆ ಕೇಳಿಯೇ ನಾನು ಬೆಳೆದೆ, ಈ ಕಥೆ ಕೇಳಿಯೇ ಮೊಳೆ ಕೆಟ್ಟಳು.

ಅಜ್ಜನ ನೆನಪು ನನಗೆ ಕುಂಟು ನಡಿಗೆಯಷ್ಟೇ. ಮತ್ತೆ ಅವರ ಕಾಲಿನ ಅಚ್ಚು. ನಾವು ಜೋಡು ಹೊಲಿಯುವ ಪ್ರತಿಯೊಬ್ಬರಿಗೂ ಪಾದದ ಆಕಾರದ ಮರದ ಅಚ್ಚು ಕೆತ್ತುತ್ತೇವೆ. ಕಾಲು ಊದಿದರೆ, ಗಂಟಾದರೆ, ಸೊಟ್ಟಗಾದರೆ ಅಚ್ಚಿನ ಮೇಲೆ ಅಲ್ಲಲ್ಲಿ ತೊಗಲಿನ ತುಂಡು ಅಂಟಿಸಿ ಹೊಸ ಕಾಲಿಗೆ ಸರಿಮಾಡುತ್ತೇವೆ. ಅಜ್ಜನ ಎಡಗಾಲಿನ ಅಚ್ಚಿನ ಮೇಲೆ ಮರವೇ ಕಾಣದಷ್ಟು ತುಂಡುಗಳಿವೆ.

ಮೇಷ್ಟ್ರು ಬೂಟಿನ ಪಕ್ಕ ಕಾರ್ಡು ಬರೆಯಬೇಕು, ಸಂಗತಿಯೆಲ್ಲ ಸರಿಯಾಗಿ ಹೇಳಿ ಎಂದರು. ಅತ್ತೆ ಇದ್ದಕ್ಕಿದ್ದಂತೆ ತಲೆನೋವು ಎಂದು ಗೋಡೆಯ ಕಡೆ ಹೊರಳಿದರು. ಕಥೆ ಹೇಳು ಎಂದರೆ ಊಟ ಬಿಡುವ ಅತ್ತೆ!

ಮಾರ್ಚ್ 12, ಬುಧವಾರ

ರೇಡಿಯೊ ಹಾಕಲಿಲ್ಲ. ಪಕ್ಕದ ಅಂಗಡಿಯವನು ಹಾಕಿದ. ತೊಗಲು ಹೊಲಿಯುವ ದಬ್ಬಳ ಹೆಬ್ಬೆರಳಿಗೆ ಚುಚ್ಚಿತು. ಮಾತ್ರೆ ಎರಡು.

ಮಾರ್ಚ್ 16, ಭಾನುವಾರ

ಏನು ಬರೆಯಲಿ, ಹೇಗೆ ಬರೆಯಲಿ.

ಪ್ರದರ್ಶನಕ್ಕೆ ಕೊಡುವ ಮುಂಚೆ ಒರೆಸಿ ಎಣ್ಣೆ ಹಚ್ಚೋಣ ಎಂದು ಬೂಟು ಇಳಿಸಿದೆ. ಅಪ್ಪ ಹಾಕಿದ ತೇಪೆಯ ದಾರ ಕೊಳೆತು ಪುಡಿಯಾಗುತ್ತಿತ್ತು. ಕೊಳೆತ ಹೊಲಿಗೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ, ಅದು ನಮ್ಮ ಮನೆತನದ ರೋಗ. ಹೊಸ ದಾರ ಹಾಕೋಣ ಎಂದು ಬಿಚ್ಚಿದೆ.

ತೇಪೆಯ ಕೆಳಗೆ ತೂತಿನ ಸುತ್ತ ತೊಗಲು ಸುಟ್ಟಿದೆ. ಮಸಿಯಲ್ಲ, ಕೊಳೆಯಲ್ಲ. ಕಾದ ಕಬ್ಬಿಣ ತಗುಲಿದರೆ ತೊಗಲು ಹೇಗೆ ಮುದುಡಿ ಗಟ್ಟಿಯಾಗುತ್ತದೆ ಎಂದು ನನಗೆ ಗೊತ್ತಿಲ್ಲವೇ? ತೂತಿನ ಅಂಚು ಒಳಕ್ಕೆ ಬಾಗಿದೆ. ಒಳಗೆ ಬೆರಳು ಹಾಕಿ ನೋಡಿದೆ. ಅಟ್ಟೆಯ ನಾರೆಲ್ಲ ಕೆಳಕ್ಕೆ ತಳ್ಳಿಕೊಂಡಿದೆ. ದಬ್ಬಳ ಚುಚ್ಚಿದ ಕಡೆ ತೊಗಲು ಒಳಗೆ ಹೋಗುತ್ತದೆ, ಹೊರಬಂದ ಕಡೆ ಹೊರಕ್ಕೆ ಏಳುತ್ತದೆ. ಅಟ್ಟೆಯಡಿ ಹೊರಗೆ ಎದ್ದಿದ್ದ ಅಂಚನ್ನು ಅಪ್ಪ ಕೆತ್ತಿ ನುಣ್ಣಗೆ ಮಾಡಿದ್ದಾರೆ. ಅವರ ಉಳಿಯ ಗುರುತು ನನಗೆ ಕಾಣುತ್ತದೆ.

ಗುಂಡು ಕೆಳಗಿನಿಂದ ಬಂದದ್ದಲ್ಲ. ಮೇಲಿನಿಂದ ಹೋದದ್ದು. ಪಾದದ ಮೇಲೆ ಬಂದೂಕು ಒತ್ತಿ ಹಿಡಿದು ಹೊಡೆದದ್ದು.

ಮರದ ಮೇಲೆ ಯಾರಾದರೂ ಕೂತು ಹೊಡೆದಿರಬಹುದೇ ಎಂದು ಯೋಚಿಸಿದೆ. ಸುಟ್ಟಿದೆಯಲ್ಲ, ಮರದ ಮೇಲಿನಿಂದ ಹೊಡೆದರೆ ಸುಡುತ್ತದೆಯೇ?

ಅಜ್ಜ ತಾನೇ ಹೊಡೆದುಕೊಂಡಿದ್ದಾರೆ.

ಮಾರ್ಚ್ 17, ಸೋಮವಾರ

ಬೆಳಗ್ಗೆ ಎದ್ದಾಗ ಮೊದಲು ಬಂದ ಯೋಚನೆ ಬರೆದುಬಿಡುತ್ತೇನೆ, ಯಾರು ಓದುತ್ತಾರೆ ಇಲ್ಲಿ. ಸಂತೋಷವಾಯಿತು! ಇದನ್ನು ಹೇಳಿದರೆ ಮೊಳೆ ಹೋಗುವುದಿಲ್ಲ. ಯಾವ ರಕ್ತ ಎಂದು ಕುಣಿಯುತ್ತಿದ್ದಾಳೋ ಆ ರಕ್ತವೇ ಇಲ್ಲ ಎಂದ ಮೇಲೆ ಇನ್ನೇನು?

ಆಮೇಲೆ ಅತ್ತೆಯ ನೆನಪಾಯಿತು. ಈ ವಯಸ್ಸಿನಲ್ಲಿ ಅವರಿಗೆ ಉಳಿದಿರುವುದೇ ಆ ಬೂಟು. ಹೇಳಿದರೆ ಅತ್ತೆಯನ್ನು ಕೊಂದ ಹಾಗೆ, ಹೇಳದಿದ್ದರೆ ಮಗಳನ್ನು. ಊಟ ಸೇರಲಿಲ್ಲ. ಮಾತ್ರೆಯೂ ಸೇರಲಿಲ್ಲ, ವಾಂತಿಯಾಯಿತು.

ಇವರು "ಏನಾಯ್ತೇ?" ಎಂದರು. ಗ್ಯಾಸು ಎಂದೆ. "ನನಗೂ ಇತ್ತೀಚೆಗೆ ಹಾಗೇ ಆಗ್ತಿದೆ, ಒಂದು ಕೊಡು," ಎಂದು ನನ್ನ ಡಬ್ಬಿಯಿಂದಲೇ ತೆಗೆದುಕೊಂಡರು.

ಮಾರ್ಚ್ 21, ಶುಕ್ರವಾರ

ಅತ್ತೆಗೆ ತಲೆ ಬಾಚುತ್ತಿದ್ದೆ. ಬೂಟು ನನ್ನ ಚೀಲದಲ್ಲಿತ್ತು. ತೋರಿಸಬೇಕೆಂದು ತಂದಿದ್ದೆ, ತೋರಿಸಬಾರದೆಂದು ಚೀಲದ ಬಾಯಿ ಕಟ್ಟಿದ್ದೆ. ಅತ್ತೆಯೇ ಕೇಳಿದರು.

"ಬಾಗಿಲ ಮೇಲೆ ಬೂಟಿಲ್ಲವಂತೆ. ಇಳಿಸಿದ್ಯಾ?"

"ಹೂಂ."

"ತೇಪೆ ಬಿಚ್ಚಿದ್ಯಾ?"

ಬಾಚಣಿಗೆ ಕೈಯಿಂದ ಬಿತ್ತು. ಅತ್ತೆ ತಿರುಗಿ ನೋಡಲಿಲ್ಲ.

"ಬಿಚ್ಚೇ ಬಿಚ್ತೀಯ ಅಂತ ಗೊತ್ತಿತ್ತು. ನಿಮ್ಮಪ್ಪನ ಕೈ ನಿಂದು. ಆ ತೇಪೆ ಹಾಕು ಅಂತ ಅವನಿಗೆ ಹೇಳಿದ್ದೇ ನಾನು."

ಆಮೇಲೆ ಅತ್ತೆ ಮಾತಾಡುತ್ತಲೇ ಹೋದರು. ನೆನಪಿರುವಾಗಲೇ ಬರೆದಿಡುತ್ತೇನೆ.

ಅಜ್ಜ ಯುದ್ಧಕ್ಕೆ ಹೋದದ್ದು ಬೂಟು ರಿಪೇರಿಗೆ. ಯುದ್ಧಭೂಮಿಯಿಂದ ಹಿಂದಿದ್ದ ಡೇರೆಯಲ್ಲಿ ಕೂತು ದಿನವಿಡೀ ಹೊಲಿಯುವುದು. ಬೂಟುಗಳು ಮೂಟೆಯಲ್ಲಿ ಬರುತ್ತಿದ್ದವು. ಸತ್ತವರ ಕಾಲಿನಿಂದ ಬಿಚ್ಚಿದವು. ತೊಳೆದು, ಹೊಲಿದು, ಎಣ್ಣೆ ಹಚ್ಚಿ ಹೊಸದಾಗಿ ಬಂದ ಹುಡುಗರಿಗೆ ಕೊಡುತ್ತಿದ್ದರು. ಅಜ್ಜ ತಾನು ಹೊಲಿದ ಬೂಟಿನ ಲೇಸಿನಡಿಯ ನಾಲಗೆಯ ಒಳಗೆ ಗುರುತಿಗೆ ಎರಡು ಹೊಲಿಗೆ ಹಾಕುತ್ತಿದ್ದರು, ಕೆಲಸಗಾರನ ಜಂಬ. ಸ್ವಲ್ಪ ದಿನಕ್ಕೆ ಆ ಗುರುತಿನ ಬೂಟುಗಳೇ ಮೂಟೆಯಲ್ಲಿ ವಾಪಸ್ ಬರತೊಡಗಿದವು.

"ಒಂದು ಜೊತೆ ಮೂರು ಸಲ ಬಂತಂತೆ," ಎಂದರು ಅತ್ತೆ. "ಬೂಟು ಅದೇ, ಕಾಲು ಬೇರೆ ಬೇರೆ. ಆಮೇಲೆ ಮುಂದೆ ಜನ ಸಾಲದು ಅಂತ ಅಪ್ಪನ್ನೂ ಕಳಿಸಿದ್ರು. ಹಾಕ್ಕೋ ಅಂತ ಕೊಟ್ಟಿದ್ದು ಆ ಜೊತೇನೇ."

ನಾನು ಬೂಟಿನ ನಾಲಗೆ ಮಡಚಿ ನೋಡಿದೆ. ಎರಡು ಹೊಲಿಗೆ ಒಂದು ಕಡೆಯಲ್ಲ, ಒಂದರ ಕೆಳಗೊಂದು ಮೂರು ಕಡೆ ಇದೆ.

ಯಾರೋ ಪುಣ್ಯಾತ್ಮ ಡಾಕ್ಟರು ನೋಡಿಯೂ ನೋಡದವರ ಹಾಗೆ ಶತ್ರುವಿನ ಗುಂಡು ಎಂದು ಬರೆದು ಮನೆಗೆ ಕಳಿಸಿದರಂತೆ. ಅತ್ತೆ ಆಗಷ್ಟೇ ಶಾಲೆಗೆ ಸೇರಿದ್ದರು.

"ಗೆಳೆಯನ್ನ ಹೊತ್ಕೊಂಡು ಬಂದ್ರು ಅಂತ ಕ್ಲಾಸಲ್ಲಿ ಹೇಳಿದ್ದು ನಾನು ಕಣೇ. ಮೇಡಂ ಎಲ್ಲರ ಕೈಲೂ ಚಪ್ಪಾಳೆ ಹೊಡೆಸಿದ್ರು. ಊರೆಲ್ಲ ಹಬ್ಬಿತು. ಅಪ್ಪ ಬೇಡ ಅನ್ನಲಿಲ್ಲ, ಹೌದು ಅಂತಾನೂ ಅನ್ನಲಿಲ್ಲ. ಸಾಯೋ ತನಕ ಸೈಕಲ್ ಟೈರು ಸಿಡಿದ್ರೂ ಬೆಚ್ಚಿ ಬೀಳೋನು. ಆಗೆಲ್ಲ ನಾನು ಗಟ್ಟಿಯಾಗಿ ಕೂಗೋಳು, ಈ ಮನೇಲಿ ಹೆದರಿದೋರು ಯಾರೂ ಇಲ್ಲ ಅಂತ. ಬೀದಿಯವರಿಗೆ ಕೇಳಿಸ್ಲಿ ಅಂತ. ಅಪ್ಪ ಹೋದ ಮೇಲೂ ಆ ಅಭ್ಯಾಸ ಹೋಗ್ಲಿಲ್ಲ."

"ನಿಮಗೆ ನಾಚಿಕೆ ಆಗ್ಲಿಲ್ವಾ ಅತ್ತೆ?"

"ಯಾಕೆ? ಆಮೇಲೆ ತಾನೇ ನಿಮ್ಮಪ್ಪ ಹುಟ್ಟಿದ್ದು. ಅಪ್ಪ ಅವತ್ತು ಹೆದರದೇ ಹೋಗಿದ್ರೆ ನೀನೆಲ್ಲಿರ್ತಿದ್ದೆ, ನಿನ್ನ ಮಗಳೆಲ್ಲಿರ್ತಿದ್ಲು?"

ನನಗೆ ಅಳು ತಡೆಯಲಾಗಲಿಲ್ಲ. "ಅತ್ತೆ, ನನಗೆ ಹೆದರಿಕೆ ಆಗ್ತಿದೆ," ಎಂದುಬಿಟ್ಟೆ. ಅತ್ತೆ ನನ್ನ ಕೈ ಹಿಡಿದು, ಜಡೆ ಅರ್ಧ ಬಿಟ್ಟಿದ್ದೀಯ, ಮುಗಿಸು ಎಂದರು.

ಮಾರ್ಚ್ 22, ಶನಿವಾರ

"ಅಲ್ಲಿ ಬೂಟು ಅವರೇ ಕೊಡ್ತಾರಾ?" ಎಂದು ಮೊಳೆಯನ್ನು ಕೇಳಿದೆ.

"ಕೊಡ್ತಾರಮ್ಮಾ."

"ಹೊಸದಾ?"

ಅವಳು ನನ್ನ ಮುಖ ನೋಡಿದಳು. "ಮತ್ತೆ ಹಳೇದು ಕೊಡ್ತಾರಾ? ಏನಮ್ಮಾ ನೀನು!"

ಹೊಸದೇ ಕೊಡುತ್ತಾರೆ, ನನಗೂ ಗೊತ್ತು. ಆದರೂ ಮೂಟೆ ಕಣ್ಣಿಗೆ ಕಟ್ಟುತ್ತದೆ. ಬೂಟು ಕೆಲಸ ಹಿಡಿದವಳು ಬೂಟಿಗೆ ಹೆದರುವ ಕಾಲ ಬಂತು. ಮೊದಲ ತಿಂಗಳು ಸ್ವಂತದ್ದು ಹಾಕಿಕೊಳ್ಳಬಹುದಂತೆ. ಮರದ ತುಂಡೊಂದು ಬಿದ್ದಿತ್ತು, ಅವಳ ಕಾಲಿನ ಅಚ್ಚಿಗೆ ಸುಮ್ಮನೆ ಒರಟಾಗಿ ಕೆತ್ತಿಟ್ಟೆ. ಅವಳು ಹೋಗುವುದೇ ಇಲ್ಲವಲ್ಲ, ಹೇಳಿದ ಮೇಲೆ. ಕೈಗೆ ಕೆಲಸ ಬೇಕಲ್ಲ ಎಂದು ಅಷ್ಟೇ.

ಮಾರ್ಚ್ 25, ಮಂಗಳವಾರ

ಹೇಳಿದೆ.

ಅಂಗಡಿಗೆ ಕರೆದು ಸ್ಟೂಲಿನ ಮೇಲೆ ಕೂರಿಸಿ ಕಾಗದದ ಮೇಲೆ ಅವಳ ಪಾದ ಇಟ್ಟು ಪೆನ್ಸಿಲ್ ಎಳೆಯುತ್ತಾ ಹೇಳಿದೆ. ಮುಖ ನೋಡಿ ಹೇಳುವ ಧೈರ್ಯ ಇರಲಿಲ್ಲ. ಸುಟ್ಟ ತೊಗಲು, ಮೂಟೆ, ಮೂರು ಗುರುತು, ಕ್ಲಾಸಿನ ಚಪ್ಪಾಳೆ, ಎಲ್ಲ ಹೇಳಿದೆ. ಅವಳ ಹೆಬ್ಬೆರಳು ಮಾತ್ರ ನೋಡುತ್ತಿದ್ದೆ. ಅದು ಮೆಲ್ಲಗೆ ಮಡಚಿಕೊಂಡಿತು.

ಸಿಟ್ಟು ಬಂತೇನೋ ಎಂದು ತಲೆಯೆತ್ತಿದೆ. ಮೊಳೆ ಅಳುತ್ತಿದ್ದಳು. ಬಿಕ್ಕಿ ಬಿಕ್ಕಿ, ಚಿಕ್ಕವಳಿದ್ದಾಗ ಅಳುತ್ತಿದ್ದ ಹಾಗೆ.

"ಅಮ್ಮಾ, ನನಗೆ ಆಯ್ಕೆ ಆದ ದಿನದಿಂದ ಹೆದರಿಕೆ. ಯಾರ ಹತ್ರ ಹೇಳ್ಲಿ? ಈ ಮನೇಲಿ ಹೆದರಿದೋರು ಯಾರೂ ಇಲ್ವಲ್ಲ. ನಾನೊಬ್ಳೇ ಕೆಟ್ಟು ಹುಟ್ಟಿದೀನಿ ಅನ್ಕೊಂಡಿದ್ದೆ."

ಕುಣಿದಾಡುತ್ತಿದ್ದಾಳೆ ಎಂದು ಬರೆದಿದ್ದೇನಲ್ಲ ಇಲ್ಲಿ, ನಾನೂ ನಗುತ್ತಲೇ ಇದ್ದೆನಲ್ಲ ಅವಳ ಮುಂದೆ.

"ಹಾಗಾದ್ರೆ ಹೋಗಬೇಡ ಪುಟ್ಟಾ. ಯಾರೇನು ಅಂದ್ರೂ ನಾನು ನೋಡ್ಕೋತೀನಿ."

ಮೂಗು ಒರೆಸಿಕೊಂಡಳು. "ಹೋಗ್ತೀನಮ್ಮಾ. ಸೇರಬೇಕು ಅಂತ ಮುತ್ತಜ್ಜ ಹೇಳಿದ್ದಲ್ಲ, ನಾನೇ ಅಂದ್ಕೊಂಡಿದ್ದು. ಇಷ್ಟು ದಿನ ಹೆದರಿಕೆ ಇಲ್ಲದವಳ ಥರ ಹೋಗಬೇಕಿತ್ತು, ಅದು ನನ್ನ ಕೈಲಿ ಆಗ್ತಿರಲಿಲ್ಲ. ಈಗ ಹೆದರ್ಕೊಂಡೇ ಹೋಗ್ತೀನಿ."

ಇದಕ್ಕಾಗಿ ನಾನು ಹೇಳಿದ್ದಲ್ಲ! ನನ್ನ ಕೈಲಿದ್ದ ಒಂದೇ ಅಸ್ತ್ರ ನಾನೇ ಮುರಿದುಕೊಂಡೆ. ಬೈದೆ, ಬೇಡಿಕೊಂಡೆ, ಮತ್ತೆ ಬೈದೆ. ಅವಳು ಕಾಲು ಕದಲಿಸಲಿಲ್ಲ. "ಇನ್ನೊಂದು ಪಾದ ತಗೋ," ಎಂದಳು. ಬಲಪಾದವನ್ನೂ ಬರೆದುಕೊಂಡೆ.

ಮಾರ್ಚ್ 30, ಭಾನುವಾರ

ಗ್ರಂಥಾಲಯದಲ್ಲಿ ಜನವೋ ಜನ. ಇವರು ಅತ್ತೆಯನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದರು. ತೇಪೆ ಹಾಕಬೇಡ, ಬಿಚ್ಚಿದ ಹಾಗೇ ಇರಲಿ ಎಂದು ಅತ್ತೆಯ ಕಟ್ಟಪ್ಪಣೆ. ಕಾರ್ಡಿನ ಮಾತನ್ನೂ ಅವರೇ ಹೇಳಿ ಬರೆಸಿದ್ದರು. "ನಮ್ಮಪ್ಪನ ಬೂಟು. ಹೆದರಿ ತಾನೇ ಗುಂಡು ಹೊಡೆದುಕೊಂಡು ಮನೆಗೆ ಬಂದ. ಗೆಳೆಯನನ್ನು ಹೊತ್ತು ತಂದ ಕಥೆ ನಾನು ಕಟ್ಟಿದ್ದು." ಮೇಷ್ಟ್ರು ಬರೆಯುವಾಗ ಎರಡು ಸಲ ಕನ್ನಡಕ ಒರೆಸಿದರಂತೆ.

ನಮ್ಮ ಪಕ್ಕದಲ್ಲಿ ಒಬ್ಬ ವಯಸ್ಸಾದ ಮನುಷ್ಯ ತನ್ನ ಅಣ್ಣನ ಫೋಟೋ ಇಟ್ಟಿದ್ದರು. ಕಾರ್ಡು ಓದಿ ಅವರ ಮುಖ ಕೆಂಪಗಾಯಿತು.

"ನಮ್ಮಣ್ಣ ಅಲ್ಲೇ ಮಣ್ಣಾದ. ಇಂಥವರ ಪಕ್ಕ ಅವನನ್ನ ಕೂರಿಸಬೇಕಾ?" ಎಂದು ಫೋಟೋ ಎತ್ತಿಕೊಂಡರು.

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದರೆ ಅವರದ್ದು ತಪ್ಪು ಎಂದೂ ಅನ್ನಿಸಲಿಲ್ಲ. ಅತ್ತೆ ಅವರ ಕಡೆ ಕೈಚಾಚಿ, "ನಿಮ್ಮಣ್ಣನೂ ಬಂದಿದ್ರೆ ಚೆನ್ನಾಗಿತ್ತಪ್ಪಾ," ಎಂದರು. ಆ ಮನುಷ್ಯ ಫೋಟೋ ಎದೆಗೊತ್ತಿಕೊಂಡು ಅಲ್ಲೇ ನಿಂತರು. ಹೋಗಲೂ ಇಲ್ಲ, ಫೋಟೋ ಮತ್ತೆ ಇಡಲೂ ಇಲ್ಲ. ಕೊನೆಗೆ ಮೊಳೆ ಕುರ್ಚಿ ತಂದು ಕೊಟ್ಟಳು, ಕೂತರು.

ಏಪ್ರಿಲ್ 1, ಮಂಗಳವಾರ

ಮೊಳೆಯ ಬೂಟು ಮುಗಿಯಿತು. ಇಷ್ಟು ಚೆನ್ನಾಗಿ ನಾನು ಯಾವತ್ತೂ ಹೊಲಿದಿಲ್ಲ, ಜಂಬ ಅಂದರೂ ಸರಿ. ನಾಲಗೆಯ ಒಳಗೆ ಗುರುತು ಹಾಕಲು ಸೂಜಿ ಎತ್ತಿದವಳು ಹಾಗೇ ಕೆಳಗಿಟ್ಟೆ. ಬೇಡ. ಗುರುತು ಬೇಡ.

ಇವರು ನಾಳಿನ ಬಸ್ಸಿಗೆ ಕೇಳಿಕೊಂಡು ತಮಗೇ ಡ್ಯೂಟಿ ಹಾಕಿಸಿಕೊಂಡಿದ್ದಾರೆ. "ಮೆಲ್ಲಗೆ ಓಡಿಸ್ತೀನಿ," ಎಂದರು. "ನನಗೂ ಭಯ ಕಣೇ," ಎಂದರು. ಗೊತ್ತು, ಸ್ನಾನದ ದಿನವೇ ಗೊತ್ತಾಯಿತು ಎಂದೆ. ಇಬ್ಬರೂ ನಕ್ಕೆವು, ಹಾಗೇ ಅತ್ತೆವು.

ಏಪ್ರಿಲ್ 2, ಬುಧವಾರ

ಹೋದಳು.

ಬಸ್ ನಿಲ್ದಾಣದಲ್ಲಿ ಎಷ್ಟೊಂದು ತಾಯಂದಿರು, ಎಲ್ಲರ ಮುಖದಲ್ಲೂ ಅಂಟಿಸಿದ ನಗು. ನಾನು ನಗಲಿಲ್ಲ. ಅವಳು ಮೆಟ್ಟಿಲು ಹತ್ತುವಾಗ ಜೋರಾಗಿಯೇ ಹೇಳಿದೆ, ಕೇಳುವವರು ಕೇಳಿಸಿಕೊಳ್ಳಲಿ.

"ಮೊಳೇ, ನಿನ್ನ ಅಚ್ಚು ಮುತ್ತಜ್ಜನ ಅಚ್ಚಿನ ಪಕ್ಕದಲ್ಲೇ ಇಟ್ಟಿದ್ದೀನಿ. ಗೆದ್ದು ಬಾ, ಸೋತು ಬಾ, ಹೆದರಿ ಬಾ. ಕಾಲು ಹೇಗಾದ್ರೂ ಆಗಿರಲಿ, ಬಾ. ತೊಗಲು ಅಂಟಿಸೋದು ನನಗೆ ಬರುತ್ತೆ."

"ಹೂಂ ಅಮ್ಮಾ," ಎಂದಳು. ಬಸ್ಸು ನಿಜವಾಗಿಯೂ ತುಂಬ ಮೆಲ್ಲಗೆ ಹೋಯಿತು, ಹಿಂದಿನ ಗಾಡಿಯವರು ಹಾರ್ನ್ ಹೊಡೆದರು. ಗುರುತಿಲ್ಲದ ಒಬ್ಬ ತಾಯಿ ಬಂದು ನನ್ನ ಕೈ ಹಿಡಿದುಕೊಂಡಳು, ಬಿಡಲೇ ಇಲ್ಲ.

ಅಂಗಡಿ ತೆರೆದೆ. ಇನ್ನೆಲ್ಲಿಗೆ ಹೋಗಲಿ? ಮಾತ್ರೆಯ ಡಬ್ಬಿ ಎಲ್ಲಿಟ್ಟೆನೋ, ಎಷ್ಟು ದಿನದಿಂದಲೋ ಕಂಡಿಲ್ಲ.

ಮಧ್ಯಾಹ್ನ ಅಂಚೆಯಣ್ಣ ಅಟ್ಟೆ ಹಾಕಿಸಲು ಬಂದರು. ಒಂದು ಕಾಲಿನ ಜೋಡು ಬಿಚ್ಚಿ ಕೊಡುವಷ್ಟರಲ್ಲಿ ಸೈರನ್ ಕೂಗಿತು. ಇವತ್ತು ಯಾವ ಸೂಚನೆಯೂ ಇರಲಿಲ್ಲ. ನಾನು ಮೇಜಿನ ಕೆಳಗೆ ಹೋದೆ.

"ಏನಮ್ಮಾ, ಮತ್ತೆ ಸೂಜಿ ಬಿತ್ತಾ?" ಅವರ ದನಿಯೂ ನಡುಗುತ್ತಿತ್ತು.

"ಇಲ್ಲ ಅಣ್ಣಾ. ಹೆದರಿಕೆ. ಬನ್ನಿ, ಜಾಗ ಇದೆ."

ಅವರು ಚೀಲ ತಬ್ಬಿಕೊಂಡು ಒಳಗೆ ತೂರಿದರು. ಒಂದು ಕಾಲು ಬರಿಗಾಲು. ಇಬ್ಬರೂ ಮಂಡಿ ಮಡಚಿ ಕೂತು ಸೈರನ್ ನಿಲ್ಲುವುದನ್ನು ಕಾದೆವು. ಅಲ್ಲಿಂದ ನೋಡಿದರೆ ಗೋಡೆಯ ಹಲಗೆ ಸರಿಯಾಗಿ ಕಾಣುತ್ತದೆ. ಅಜ್ಜನ ಅಚ್ಚು, ತುಂಡಿನ ಮೇಲೆ ತುಂಡು ಅಂಟಿಸಿದ್ದು. ಪಕ್ಕದಲ್ಲಿ ಮೊಳೆಯದು, ಇನ್ನೂ ಬರೀ ಮರ.